ಎಂಆರ್ ಆಗಿದೆ, ಮತ್ತೆ ಎಂಎಂಆರ್ ಯಾಕೆ? ಮಕ್ಕಳ ಡಾಕ್ಟರಿಗೆ ಕೇಳಿದ್ದು

ಪ್ರಶ್ನೆ (ಶಿರಸಿ ಹತ್ತಿರದ ಒಬ್ಬ ತಾಯಿ): ನಮಸ್ಕಾರ ಡಾಕ್ಟ್ರೇ. ಮಗಳಿಗೆ ಈಗ ಹದಿನೈದು ತಿಂಗಳು. ಒಂಬತ್ತು ತಿಂಗಳಿಗೆ ಅಂಗನವಾಡಿಯಲ್ಲಿ ಎಂಆರ್ ಲಸಿಕೆ ಹಾಕಿಸಿದ್ದೇವೆ. ತಾಯಿ ಕಾರ್ಡಿನಲ್ಲಿ ಇನ್ನೊಂದು ಎಂಆರ್ ಬರೆದಿದೆ. ಪೇಟೆಯ ಕ್ಲಿನಿಕ್ಕಿನಲ್ಲಿ ಎಂಎಂಆರ್ ಹಾಕಿಸಿ ಅಂದರು. ಒಂದು ಸಲ ಆದಮೇಲೆ ಮತ್ತೆ ಯಾಕೆ ಬೇಕು? ನಮ್ಮ ಅತ್ತೆಯವರು, "ಮಂಗನ ಕಾಯಿಲೆಗೆ ಅಂತಾದರೆ ಹಾಕಿಸಿಬಿಡು, ನಮ್ಮ ಕಡೆ ಅದೇ ಹೆದರಿಕೆ" ಅನ್ನುತ್ತಾರೆ.

ಉತ್ತರ: ಮೊದಲು ಅತ್ತೆಯವರ ಮಾತಿಗೆ ಬರುತ್ತೇನೆ. ಅವರದ್ದು ತಪ್ಪೇನಲ್ಲ, ಹೆಸರೇ ಹಾಗಿದೆ. ಮಂಗನ ಕಾಯಿಲೆ ಬೇರೆ, ಮಂಗನಬಾವು ಬೇರೆ. ಸಿದ್ದಾಪುರದ ಕಡೆ ಹೆದರುವ ಮಂಗನ ಕಾಯಿಲೆ ಕಾಡಿನ ಉಣುಗು ಕಚ್ಚಿ ಬರುವ ಜ್ವರ. ಎಂಎಂಆರ್‌ಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಮಂಗನಬಾವು ಅಂದರೆ ಕಿವಿಯ ಕೆಳಗೆ ದವಡೆ ಊದಿಕೊಳ್ಳುವುದು. ಕೆಲವರು ಕೆಪ್ಪಟೆ ಅನ್ನುತ್ತಾರೆ.

ಎಂಆರ್‌ನಲ್ಲಿ ಎರಡು ರೋಗಕ್ಕೆ ಮದ್ದಿದೆ: ದಡಾರ ಮತ್ತು ರುಬೆಲ್ಲಾ. ಎಂಎಂಆರ್‌ನಲ್ಲಿ ಜೊತೆಗೆ ಮಂಗನಬಾವಿಗೂ ಇದೆ. ಸರ್ಕಾರ ಪುಕ್ಕಟೆ ಕೊಡುವುದು ಎಂಆರ್, 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ನಮ್ಮ ಮಕ್ಕಳ ವೈದ್ಯರ ಸಂಘ, ಅಂದರೆ ಐಎಪಿ, ಹೇಳುವುದು ಎಂಎಂಆರ್: 9 ತಿಂಗಳು, 15 ತಿಂಗಳು, ಆಮೇಲೆ 4ರಿಂದ 6 ವರ್ಷದೊಳಗೆ. ನಿಮ್ಮ ಕ್ಲಿನಿಕ್ಕಿನವರು ಈ ಲೆಕ್ಕದಲ್ಲಿ ಹೇಳಿದ್ದಾರೆ.

ಮತ್ತೆ ಯಾಕೆ ಅನ್ನುವುದು ಒಳ್ಳೆಯ ಪ್ರಶ್ನೆ. ತೋಟದವರು ನನ್ನ ಹತ್ತಿರ, "ಅಡಿಕೆಯ ಕೊಳೆರೋಗಕ್ಕೆ ಎರಡು ಸಲ ಮದ್ದು ಹೊಡೆದ ಹಾಗಾ?" ಅಂತ ಕೇಳುವುದುಂಟು. ಅಲ್ಲ. ಅಲ್ಲಿ ಮೊದಲು ಹೊಡೆದದ್ದು ಮಳೆಗೆ ತೊಳೆದು ಹೋಗುತ್ತದೆ. ಇಲ್ಲಿ ಹಿಡಿದ ಮದ್ದು ತೊಳೆದು ಹೋಗುವುದಿಲ್ಲ. ತೊಂದರೆ ಏನೆಂದರೆ, ಕೆಲವು ಮಕ್ಕಳಲ್ಲಿ ಮೊದಲ ಸಲ ಅದು ಹಿಡಿದೇ ಇರುವುದಿಲ್ಲ. ತಾಯಿಯಿಂದ ಬಂದ ರಕ್ಷಣೆ ಒಂಬತ್ತು ತಿಂಗಳಿಗೂ ಸ್ವಲ್ಪ ಉಳಿದಿದ್ದರೆ ಲಸಿಕೆಯನ್ನೇ ಅದು ಅಳಿಸಿಬಿಡುತ್ತದೆ. ಆ ವಯಸ್ಸಿಗೆ ಹಾಕಿದ ನೂರು ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ದಡಾರದಿಂದ ರಕ್ಷಣೆ ಸಿಗುತ್ತದೆ. ಉಳಿದ ಹದಿನೈದು ಯಾರು ಅಂತ ಮುಖ ನೋಡಿ ಹೇಳಲಿಕ್ಕಾಗುವುದಿಲ್ಲ. ಹಾಗಾಗಿ ಎಲ್ಲರಿಗೂ ಎರಡನೆಯದು.

ಇನ್ನು ಯಾವುದು ಅನ್ನುವುದು. ಕೈಯಲ್ಲಿ ದುಡ್ಡಿದ್ದರೆ ಈಗ ಎಂಎಂಆರ್ ಹಾಕಿಸಿ. ಇಲ್ಲದಿದ್ದರೆ ಮುಂದಿನ ತಿಂಗಳು ಅಂಗನವಾಡಿಯಲ್ಲಿ ಎಂಆರ್ ಹಾಕಿಸಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಜೀವಕ್ಕೆ ಕುತ್ತು ತರುವ ದಡಾರ, ಹೊಟ್ಟೆಯ ಮಗುವನ್ನು ಕೆಡಿಸುವ ರುಬೆಲ್ಲಾ, ಎರಡಕ್ಕೂ ಪುಕ್ಕಟೆ ಲಸಿಕೆಯಲ್ಲೇ ಮದ್ದಿದೆ. ಎಂಎಂಆರ್ ಸಿಗಲಿಲ್ಲ ಅಂತ ಕಾಯುತ್ತಾ ಎರಡೂ ತಪ್ಪಿಸಿಕೊಂಡವರನ್ನು ನೋಡಿದ್ದೇನೆ. ಅದು ಮಾತ್ರ ಬೇಡ.

ಅದೇ ತಾಯಿ: ಎಂಎಂಆರ್ ಹಾಕಿಸಿದರೆ ಸಿಸ್ಟರ್ ಬೈಯುವುದಿಲ್ಲವಾ? ಕಾರ್ಡಿನಲ್ಲಿ ಖಾಲಿ ಉಳಿಯುತ್ತದಲ್ಲ.

ಉತ್ತರ: ಕ್ಲಿನಿಕ್ಕಿನಲ್ಲಿ ಕಾರ್ಡಿನ ಮೇಲೇ ತಾರೀಕು ಹಾಕಿಸಿ, ಸಿಸ್ಟರ್‌ಗೆ ತೋರಿಸಿ. ಎಂಎಂಆರ್ ಒಳಗೇ ಎಂಆರ್ ಇದೆ. ಆದರೆ ಅಂಗನವಾಡಿಗೆ ಹೋಗುವುದನ್ನು ಬಿಡಬೇಡಿ. ಎ ವಿಟಮಿನ್ ಸಿರಪ್ ಅಲ್ಲೇ ಕೊಡುವುದು. ಪೇಟೆಯಲ್ಲಿ ಚುಚ್ಚಿಸಿದ ಮಕ್ಕಳಿಗೆ ತಪ್ಪಿ ಹೋಗುವುದು ಅದೇ.

ಪ್ರಶ್ನೆ (ಕಾರವಾರ, ಬೋಟಿನ ಕೆಲಸದವರು): ಸರ್, ವಾಟ್ಸಾಪಿನಲ್ಲಿ ಒಂದು ಬಂದಿದೆ. ಈ ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆ, ಮಾತು ನಿಲ್ಲುತ್ತದೆ ಅಂತ. ಹೆಂಡತಿ ಹೆದರಿದ್ದಾಳೆ.

ಉತ್ತರ: 2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಎಂಆರ್ ಅಭಿಯಾನ ಶುರುವಾದಾಗಲೂ ಇಂಥದ್ದೇ ಮೆಸೇಜುಗಳು ಹರಿದಾಡಿದ್ದವು. ಆಟಿಸಂ ಅಂದರೆ ಮಗು ಮಾತಾಡುವ, ಬೇರೆಯವರೊಡನೆ ಬೆರೆಯುವ ರೀತಿಯೇ ಬೇರೆ ಥರ ಇರುವುದು. ಆ ಕಥೆಯ ಬೇರು ಇಂಗ್ಲೆಂಡಿನಲ್ಲಿದೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ ಬರೀ 12 ಮಕ್ಕಳನ್ನು ಇಟ್ಟುಕೊಂಡು, ಎಂಎಂಆರ್‌ಗೂ ಆಟಿಸಂಗೂ ನಂಟಿರಬಹುದು ಅಂತ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಆಮೇಲೆ ಅದರಲ್ಲಿ ಮೋಸ ಇರುವುದು ಹೊರಬಿತ್ತು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ವಾಪಸ್ ತೆಗೆದುಕೊಂಡಿತು, ಅದೇ ವರ್ಷ ಅವನ ಹೆಸರನ್ನು ವೈದ್ಯರ ಪಟ್ಟಿಯಿಂದ ಹೊಡೆದು ಹಾಕಿದರು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ವರದಿ ಕೊಟ್ಟರು. ಲಸಿಕೆ ಹಾಕಿದವರಲ್ಲಿ ಆಟಿಸಂ ಜಾಸ್ತಿ ಇರಲಿಲ್ಲ.

ಆದರೂ ಅನುಮಾನ ಯಾಕೆ ಹೋಗುವುದಿಲ್ಲ ಅಂದರೆ, ಮಾತು ತಡವಾಗಿದೆ ಅಂತ ಮನೆಯವರಿಗೆ ತಿಳಿಯುವುದೂ ಒಂದೂವರೆ ವರ್ಷದ ಆಸುಪಾಸಿಗೆ. ಎರಡನೇ ಲಸಿಕೆಯೂ ಆಗಲೇ. ಹೆಂಡತಿಯನ್ನು ಒಮ್ಮೆ ಕರೆದುಕೊಂಡು ಬನ್ನಿ. ಫೋನಿನಲ್ಲಿ ಬಂದದ್ದನ್ನು ಫೋನಿನಲ್ಲೇ ಬಿಡಿಸುವುದು ಕಷ್ಟ.

ಪ್ರಶ್ನೆ (ಕುಮಟಾ): ಸೋದರಳಿಯನಿಗೆ ಚುಚ್ಚಿ ಎಂಟು ದಿನ ಆದಮೇಲೆ ಜ್ವರ, ಮೈಮೇಲೆ ಸಣ್ಣ ಗುಳ್ಳೆ. ಚುಚ್ಚಿದ ದಿನ ಆರಾಮಾಗಿದ್ದ. ಲಸಿಕೆಯದ್ದೇ ಇರಬಹುದಾ?

ಉತ್ತರ: ಇರಬಹುದು. ಇದು ಜೀವ ಇರುವ, ಆದರೆ ಶಕ್ತಿ ಕುಂದಿಸಿದ ವೈರಸ್ಸಿನ ಲಸಿಕೆ. ಮೈಯೊಳಗೆ ನಿಧಾನಕ್ಕೆ ಬೆಳೆಯುವುದರಿಂದ 5ರಿಂದ 12 ದಿನದೊಳಗೆ ಕೆಲವು ಮಕ್ಕಳಿಗೆ ಜ್ವರ, ತೆಳ್ಳಗಿನ ಗುಳ್ಳೆ ಬರುತ್ತದೆ. ತೂಕ ನೋಡಿ ಪ್ಯಾರಾಸಿಟಮಾಲ್ ಕೊಟ್ಟರೆ ಸಾಕು, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಸಾವಿರಾರು ಮಕ್ಕಳಲ್ಲಿ ಒಬ್ಬರಿಗೆ ಜ್ವರದ ಫಿಟ್ಸ್ ಬರುವುದುಂಟು. ನೋಡಲಿಕ್ಕೆ ಭಯ, ಆದರೆ ಮಿದುಳಿಗೆ ಏಟಾಗುವುದಿಲ್ಲ. ಜ್ವರ ಮೂರು ದಿನ ದಾಟಿದರೆ, ಮಗು ಹಾಲು ಬಿಟ್ಟು ಮಂಕಾದರೆ, ಫಿಟ್ಸ್ ಬಂದರೆ ಕಾಯಬೇಡಿ, ತೋರಿಸಿ. ಎಲ್ಲ ಜ್ವರಕ್ಕೂ ಲಸಿಕೆಯೇ ಕಾರಣ ಅಲ್ಲ, ಅಲ್ವಾ? ಮಳೆಗಾಲದಲ್ಲಿ ನಮ್ಮ ಕಡೆ ಜ್ವರಕ್ಕೆ ಬರವೇ ಇಲ್ಲ.

ಪ್ರಶ್ನೆ (ಅಂಕೋಲಾ ಕಡೆಯ ಹಳ್ಳಿ): ಮಳೆಗಾಲದಲ್ಲಿ ನಮ್ಮಲ್ಲಿ ಎರಡು ಮೂರು ದಿನ ಕರೆಂಟೇ ಇರುವುದಿಲ್ಲ. ಲಸಿಕೆ ಹಾಳಾಗಿದ್ದರೆ ನಮಗೆ ಗೊತ್ತಾಗುವುದು ಹೇಗೆ?

ಉತ್ತರ: ಇದನ್ನು ಕೇಳಿದವರು ನೀವೇ ಮೊದಲು, ಖುಷಿಯಾಯಿತು. ಆಸ್ಪತ್ರೆಯ ಲಸಿಕೆ ಪೆಟ್ಟಿಗೆ ಮನೆಯ ಫ್ರಿಜ್ಜಿನ ಹಾಗಲ್ಲ. ಒಳಗೋಡೆಗೆ ಮಂಜುಗಡ್ಡೆ ಕಟ್ಟಿರುತ್ತದೆ. ದಿನಕ್ಕೆ ಎಂಟು ಗಂಟೆ ಕರೆಂಟ್ ಸಿಕ್ಕರೂ ತಂಪು ಹಿಡಿದಿಡುತ್ತದೆ. ಅದಕ್ಕಿಂತ ಕಡಿಮೆಯಾದರೆ ಲಸಿಕೆಯನ್ನು ಬೇರೆ ಕಡೆ ಸಾಗಿಸಬೇಕಾಗುತ್ತದೆ. ಇನ್ನು ಸೀಸೆಯನ್ನೇ ನೋಡಿ. ಅದರ ಮೇಲೆ ಒಂದು ದುಂಡು ಗುರುತು, ನಡುವೆ ಬಿಳಿ ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಸುತ್ತಲಿನ ಬಣ್ಣಕ್ಕೆ ಸಮ ಆಯಿತೋ, ಆ ಸೀಸೆ ಎಸೆಯಬೇಕು. "ಸಿಸ್ಟರ್, ಸ್ವಲ್ಪ ತೋರಿಸಿ" ಅಂತ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನೊಂದು. ಇದು ಪುಡಿ, ನೀರು ಬೆರೆಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಒಂದು ಸೀಸೆಯಲ್ಲಿ ಹಲವು ಮಕ್ಕಳ ಡೋಸ್ ಇರುತ್ತದೆ. ನಿಮ್ಮೊಬ್ಬರಿಗೆ ಒಡೆದರೆ ಉಳಿದದ್ದು ಚೆಲ್ಲಬೇಕು. ಅದಕ್ಕೇ "ಲಸಿಕೆ ದಿನ ಬನ್ನಿ" ಅನ್ನುವುದು, ಸುಮ್ನೆ ಓಡಾಡಿಸಲಿಕ್ಕಲ್ಲ.

ಪ್ರಶ್ನೆ (ಹೊನ್ನಾವರ): ನಾನು ಮೂರು ತಿಂಗಳ ಬಸುರಿ. ದೊಡ್ಡವನಿಗೆ ಎಂಆರ್ ಹಾಕಿಸಬಹುದಾ? ನನಗೂ ಒಂದು ಹಾಕಿಸಿಕೊಂಡರೆ?

ಉತ್ತರ: ಅವನಿಗೆ ಧಾರಾಳವಾಗಿ ಹಾಕಿಸಿ. ಅವನಿಂದ ನಿಮಗೆ ತೊಂದರೆ ಇಲ್ಲ, ಬದಲಿಗೆ ಮನೆಗೆ ರುಬೆಲ್ಲಾ ತರುವವನೊಬ್ಬ ಕಡಿಮೆಯಾದ. ನಿಮಗೆ ಈಗ ಬೇಡ. ಹೆರಿಗೆ ಆದಮೇಲೆ ಹಾಕಿಸಿಕೊಳ್ಳಬಹುದು, ಎದೆಹಾಲು ಕುಡಿಸುತ್ತಿದ್ದರೂ ಅಡ್ಡಿಯಿಲ್ಲ. ಮಕ್ಕಳಿಗೆ ರುಬೆಲ್ಲಾ ಬಂದರೆ ಸಣ್ಣ ಜ್ವರ, ಮೂರು ದಿನದ ಗುಳ್ಳೆ, ಅಷ್ಟೇ. ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಬಂದರೆ ಮಗುವಿಗೆ ಹುಟ್ಟುವಾಗಲೇ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ. ಗಂಡುಮಕ್ಕಳಿಗೂ ಈ ಲಸಿಕೆ ಹಾಕುವುದು ಇದಕ್ಕೇ.

ಪ್ರಶ್ನೆ (ಶಿರಸಿ, ಒಬ್ಬ ಅಜ್ಜಿ, ಮೊಮ್ಮಗ ಬರೆದುಕೊಟ್ಟದ್ದು): ನಮ್ಮ ಕಾಲದಲ್ಲಿ ಅಮ್ಮ ಬಂದಳು ಅಂತ ಬೇವು ಕಟ್ಟಿ, ಒಂದು ಕೋಣೆಯಲ್ಲಿ ಮಲಗಿಸುತ್ತಿದ್ದರು. ಅದೆಲ್ಲ ಸುಳ್ಳಾ?

ಉತ್ತರ: ಅಮ್ಮಾ, ಮಾರಿಕಾಂಬೆಯ ಊರಿನಲ್ಲಿದ್ದುಕೊಂಡು ಹಾಗೆ ಹೇಳಲಾರೆ. ಕೋಣೆಯಲ್ಲಿ ಮಲಗಿಸಿದ್ದು ಜಾಣತನವೇ. ದಡಾರ ಅಷ್ಟು ಹರಡುತ್ತದೆ. ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಆ ಮಗು ಕೆಮ್ಮಿ ಇಳಿದುಹೋದರೂ ಎರಡು ಗಂಟೆ ವೈರಸ್ ಗಾಳಿಯಲ್ಲಿ ಉಳಿಯಬಹುದು. ಆದರೆ ಗುಳ್ಳೆ ಏಳುವ ನಾಲ್ಕು ದಿನ ಮೊದಲೇ ಅದು ಬೇರೆಯವರಿಗೆ ಅಂಟಲಿಕ್ಕೆ ಶುರುವಾಗಿರುತ್ತದೆ. ಅಷ್ಟು ಹೊತ್ತಿಗೆ ಕೋಣೆ ಏನು ಮಾಡೀತು? ಬೇವು ಕಟ್ಟಿ, ಹರಕೆ ಹೇಳಿಕೊಳ್ಳಿ. ಪಥ್ಯ ಅಂತ ಊಟ ಮಾತ್ರ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಎ ವಿಟಮಿನ್ ಕೊಡಿಸಿ, ಕಣ್ಣು ಉಳಿಸುವುದು ಅದು.

ಪ್ರಶ್ನೆ (ಸದಾಶಿವಗಡ): ಗೋವಾದಲ್ಲಿ ಕೆಲಸಕ್ಕಿದ್ದೆವು. ಮಗನ ಎರಡನೇ ಎಂಆರ್ ತಪ್ಪಿ ಹೋಯಿತು. ಈಗ ಮೂರೂವರೆ ವರ್ಷ. ಮೊದಲಿನಿಂದ ಶುರು ಮಾಡಬೇಕಾ?

ಉತ್ತರ: ಬೇಡ, ತಪ್ಪಿದ್ದು ಒಂದನ್ನು ಹಾಕಿಸಿದರೆ ಆಯಿತು. ಐದು ವರ್ಷದವರೆಗೆ ಸರ್ಕಾರಿ ಲಸಿಕೆಯಲ್ಲೇ ಸಿಗುತ್ತದೆ. ಸಣ್ಣ ನೆಗಡಿ ಇದ್ದರೂ ಹಾಕಿಸಬಹುದು.

ಅವರೇ: ಕಾರ್ಡು ಗೋವಾದ್ದು, ನಡೆಯುತ್ತದಾ?

ಉತ್ತರ: ನಡೆಯುತ್ತದೆ, ಅಲ್ಲಿಯೂ ಇದೇ ಲಸಿಕೆ. ಗುರುವಾರ ಹೋಗಿ. ಬಲ ತೋಳಿಗೆ ಚುಚ್ಚುತ್ತಾರೆ, ಸಡಿಲ ಅಂಗಿ ಹಾಕಿ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.