ಭುಜದ ಕೀಲು ಹಿಂದಕ್ಕೆ ಜಾರಿ, ಎಲುಬೂ ಮುರಿದಾಗ

ಯಾದಗಿರಿಯ ತಂಗಿಯೊಬ್ಬರು ಕೇಳಿದ್ದಾರೆ: ಅಣ್ಣನ ಬೈಕಿಗೆ ಲಾರಿ ಬಡಿದು ಭುಜದ ಕೀಲು ಹಿಂದಕ್ಕೆ ಜಾರಿದೆ, ಎಲುಬೂ ಮುರಿದಿದೆ. ಡಾಕ್ಟರ್ ಆಪರೇಷನ್ ಅಂತಾರೆ. ಹಿರಿಯರು ಎಲುಬು ಕಟ್ಟುವವರ ಹತ್ತಿರ ಹೋಗೋಣ ಅಂತಾರೆ. ಯಾರಿಗಾದರೂ ಹೀಗಾಗಿತ್ತಾ?

ಕಲಬುರಗಿಯಿಂದ:
ತಂಗೀ, ನಮ್ಮ ಮೈದುನನಿಗೆ ಇದೇ ಆಗಿತ್ತು. ತೊಗರಿ ರಾಶಿ ಟೈಮಿನಲ್ಲಿ ಟ್ರ್ಯಾಕ್ಟರ್ ಟ್ರಾಲಿಯಿಂದ ಬಿದ್ದಿದ್ದ. ಮೊದಲು ತೋರಿಸಿದ ಕಡೆ ಎದುರಿನಿಂದ ಒಂದೇ ಎಕ್ಸ್‌ರೇ ತೆಗೆದು, ಉಳುಕಿದೆ ಅಂತ ಕೈ ಕಟ್ಟಿ ಕಳಿಸಿದರು. 12 ದಿನ ಸುಮ್ನೆ ಹೋದವು. ಶರಣಬಸವೇಶ್ವರ ಗುಡಿಯಲ್ಲಿ ಪ್ರಸಾದಕ್ಕೆ ಕೈ ಚಾಚಿದ, ಅಂಗೈ ಮೇಲಾಗಲೇ ಇಲ್ಲ. ಆಗ ನನಗೆ ಅನುಮಾನ ಬಂತು. ಸಿಟಿ ಸ್ಕ್ಯಾನ್ ಮಾಡಿಸಿದರೆ, ರಟ್ಟೆ ಎಲುಬಿನ ಗುಂಡು ಹಿಂದಕ್ಕೆ ಜಾರಿ ಅದರ ಕತ್ತಿನಲ್ಲೇ ಮುರಿದಿತ್ತು. ಭುಜ ಜಾಸ್ತಿ ಜಾರುವುದು ಮುಂದಕ್ಕೆ. ಹಿಂದಕ್ಕೆ ಜಾರಿದರೆ ಎದುರಿನ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಸರಿಯಾಗಿದ್ದ ಹಾಗೇ ಕಾಣುತ್ತದೆ.

ಕೈ ಮುಗಿದು ಹೇಳ್ತೀನಿ, ಎಲುಬು ಕಟ್ಟುವವರ ಹತ್ತಿರ ಕೈ ಎಳೆಸಬೇಡಿ. ಮುರಿದಿರುವಾಗ ಎಳೆದರೆ ತುಂಡು ಇನ್ನೂ ಸರಿಯುತ್ತದೆ, ನರಕ್ಕೂ ರಕ್ತನಾಳಕ್ಕೂ ಪೆಟ್ಟಾಗಬಹುದು. ಆ ಎಲುಬಿನ ಗುಂಡಿಗೆ ರಕ್ತ ಹರಿಯುವುದು ನಿಂತರೆ ಎಲುಬೇ ಸಾಯುತ್ತದೆ. ಭುಜದ ಹೊರಮಗ್ಗುಲು ಮುಟ್ಟಿದರೆ ಅಣ್ಣನಿಗೆ ಗೊತ್ತಾಗುತ್ತಾ? ಇವತ್ತೇ ನೋಡಿ. ಜೋಮು ಹಿಡಿದಿದ್ದರೆ, ಬೆರಳು ತಣ್ಣಗಾಗಿದ್ದರೆ ತಕ್ಷಣ ಡಾಕ್ಟರಿಗೆ ಹೇಳಿ.

ನಮ್ಮವನಿಗೆ ಪ್ಲೇಟ್, ಸ್ಕ್ರೂ ಹಾಕಿದರು. ಆಮೇಲೆ ಕೈಯನ್ನು ಹೊಟ್ಟೆಗೆ ಒತ್ತಿ ಕಟ್ಟಲಿಲ್ಲ. ಒಳಕ್ಕೆ ತಿರುಗಿದರೆ ಮತ್ತೆ ಹಿಂದಕ್ಕೆ ಜಾರಬಹುದು, ಅದಕ್ಕೇ. ಯಾರಿಗೋ ಕೈ ಕುಲುಕಲು ಚಾಚಿದ ಹಾಗೆ ಬೆಲ್ಟ್ ಹಾಕಿ 6 ವಾರ ಇಟ್ಟರು. ನಂತರ ಫಿಸಿಯೋಥೆರಪಿ. ನೋವಿಗೆ ಅಳುತ್ತಿದ್ದ, ಆದರೂ ಒಂದು ದಿನ ತಪ್ಪಿಸಲು ನಾನು ಬಿಡಲಿಲ್ಲ. 5ನೇ ತಿಂಗಳಲ್ಲಿ ತಾನೇ ತಲೆಗೆ ಟವೆಲ್ ಸುತ್ತಿಕೊಂಡ.

ಬೀದರ್‌ನಿಂದ:
ಅಕ್ಕಾರು ಹೇಳಿದ್ದು ಖರೇ. ನಮ್ಮ ಕಾಕಾಗೆ ಹೊಲದ ಮೋಟಾರಿನ ಕರೆಂಟ್ ಹೊಡೆದು ಎರಡೂ ಭುಜ ಹಿಂದಕ್ಕೆ ಹೋಗಿದ್ದವು. ಬಿದ್ದೇ ಇರಲಿಲ್ಲ, ಹಾಗಾಗಿ ಯಾರಿಗೂ ಭುಜದ ಕಡೆ ಲಕ್ಷ್ಯ ಹೋಗಲಿಲ್ಲ. ಕರೆಂಟ್ ಹೊಡೆದಾಗ, ಫಿಟ್ಸ್ ಬಂದಾಗ ಸ್ನಾಯು ಒಮ್ಮೆಲೇ ಬಿಗಿದು ಹೀಗಾಗುತ್ತದೆ. ಇನ್ನೊಂದು ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿಗೆ ಹೋಗುವ ಮುಂಚೆ ಜಿಲ್ಲಾ ಆಸ್ಪತ್ರೆಯಲ್ಲಿ ರೆಫರಲ್ ಬಗ್ಗೆ ವಿಚಾರಿಸಿ. ಅಣ್ಣನ ಸ್ಕ್ಯಾನ್ ಆಯ್ತಾ, ತಿಳಿಸಿ.