ಅಪ್‌ಡೇಟ್: ನಮ್ಮೂರ ಶಾಸನದ ಪಾಠ (ಕಲ್ಲಿನ ಮೇಲಿನ ಬರಹ) ಸಿಕ್ಕಿತು

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮೂರ ಗುಡಿ ಪಕ್ಕದ ಶಾಸನವನ್ನು ಹಿಂದೆ ಯಾರಾದರೂ ಓದಿದ್ದಾರಾ, ಎಲ್ಲಿ ಹುಡುಕಲಿ ಅಂತ ಕೇಳಿದ್ದೆ. ಮಿಥಿಕ್ ಸೊಸೈಟಿಯ ಲೈಬ್ರರಿಗೆ ಹೋಗಿ ಅಂದವರಿಗೆಲ್ಲ ಥ್ಯಾಂಕ್ಸ್. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿದೆ, 1909ರಲ್ಲಿ ಶುರುವಾದ ಇತಿಹಾಸ ಸಂಶೋಧನೆಯ ಸಂಸ್ಥೆ. ಅದರ ಮುಂದೆ ಬಸ್ಸಿನಲ್ಲಿ ಎಷ್ಟೋ ಸಲ ಹಾದುಹೋಗಿದ್ದರೂ ಒಳಗೇನಿದೆ ಅಂತ ನೋಡಿರಲಿಲ್ಲ.

ಬೇಕಿದ್ದದ್ದು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 9ನೇ ಸಂಪುಟ, 1905ರದ್ದು. ಶಾಸನಗಳಿಗೆ ತಾಲ್ಲೂಕುವಾರು ನಂಬರ್ ಇದೆ. ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಬೇರೆಬೇರೆ ಭಾಗದಲ್ಲಿರುವುದರಿಂದ ಆ ನಂಬರ್ ಹಿಡಿದೇ ಹುಡುಕಬೇಕು. ನಮ್ಮ ಕಲ್ಲೂ ಇತ್ತು! ಗದ್ದೆ ದಾನ ಕೊಟ್ಟ ಶಾಸನ. ಸುಣ್ಣ ಬಳಿದೂ ಬಳಿದೂ ಮುಚ್ಚಿಹೋದ ಕೊನೆಯ ಸಾಲುಗಳು ಪುಸ್ತಕದಲ್ಲಿ ಪೂರ್ತಿ ಇವೆ: ದಾನಕ್ಕೆ ಅಳುಪಿದವನಿಗೆ (ಕೆಡಿಸಿದವನಿಗೆ) ಗಂಗೆಯ ತಡಿಯಲ್ಲಿ ಕವಿಲೆ (ಹಸು) ಕೊಂದ ಪಾಪ. ಮಾಮೂಲಿ ಶಾಪವೇ, ಆದರೂ ನಮ್ಮೂರ ಕಲ್ಲಲ್ಲಿ ಓದೋದೇ ಬೇರೆ ಖುಷಿ.

ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳ ತ್ರೀಡಿ ಸ್ಕ್ಯಾನ್ ಕೂಡ ಮಾಡುತ್ತಿದ್ದಾರೆ. ನಮ್ಮ ಕಲ್ಲಿನ ಫೋಟೊ, ಲೊಕೇಶನ್ ಅವರಿಗೆ ಕಳಿಸುತ್ತೇನೆ. ಅಷ್ಟರೊಳಗೆ ಮತ್ತೆ ಸುಣ್ಣ ಹೊಡೆಯಬೇಡಿ ಅಂತ ಪೂಜಾರಪ್ಪನಿಗೆ ಹೇಳಿಟ್ಟಿದ್ದೇನೆ.