ಆಂಡೀಸ್‌ನ ಪುಟ್ಟ ಗಿಳಿ: ಮುಖದಲ್ಲಿ ಹಳದಿ ಇಲ್ಲದಿದ್ದರೆ ಯಾವುದು?

ಕಾಜಾಣ:
ಅರ್ಜೆಂಟೀನಾದ ಹುಹುಯ್ ಪ್ರಾಂತ್ಯಕ್ಕೆ ಹೋಗಿ ಬಂದೆ. ತಿಲ್ಕಾರಾ ಊರಾಚೆ, ಆಳೆತ್ತರದ ಕಳ್ಳಿಗಳ ನಡುವೆ, ಎಂಟು ಪುಟ್ಟ ಗಿಳಿಗಳು ನೆಲದಲ್ಲಿ ಬೀಜ ಹೆಕ್ಕುತ್ತಿದ್ದವು. ನಮ್ಮೂರ ಗಿಳಿಯ ಅರ್ಧದಷ್ಟು ಗಾತ್ರ. ಪುಸ್ತಕದಲ್ಲಿ ಎರಡು ಹೆಸರು ಸಿಕ್ಕವು: ಗ್ರೇ-ಹುಡೆಡ್ ಪ್ಯಾರಕೀಟ್, ಮೌಂಟೇನ್ ಪ್ಯಾರಕೀಟ್. ಮೌಂಟೇನ್‌ಗೆ ಹಳದಿ ಮುಖ ಬಿಡಿಸಿದ್ದಾರೆ. ನಾನು ನೋಡಿದವಕ್ಕೆ ಹಳದಿ ಇರಲಿಲ್ಲ. ಹಾಗಾದ್ರೆ ಗ್ರೇ-ಹುಡೆಡ್ ಅಂತ ಬರೆದುಕೊಳ್ಳಬಹುದಾ?

ಬೆಟ್ಟದ ಹಾದಿ:
ಹಳದಿ ಇಲ್ಲ ಅಂತ ತೀರ್ಮಾನ ಮಾಡಬೇಡಿ. ನಾನೂ ಮೊದಲ ಸಲ ಇದೇ ತಪ್ಪು ಮಾಡಿದ್ದೆ, ಆ ದಿನದ ಪಟ್ಟಿಯನ್ನೇ ತಿದ್ದಬೇಕಾಯಿತು. ಆ ಹಳದಿ ಮುಖ ಪೆರುವಿನ ಲಿಮಾ ಕಡೆಯ ಗಂಡಿನದು. ಪುಸ್ತಕಗಳು ಅದನ್ನೇ ದೊಡ್ಡದಾಗಿ ಬಿಡಿಸುತ್ತವೆ. ಅರ್ಜೆಂಟೀನಾದಲ್ಲಿರುವ ಉಪಜಾತಿಗಳ ಮುಖ ಹಸಿರು.

ನೀವು ನೋಡಬೇಕಾದ್ದು ಟೋಪಿ, ಅಂದರೆ ತಲೆಯ ಮೇಲಿನ ಬಣ್ಣ. ಗ್ರೇ-ಹುಡೆಡ್‌ಗೆ ಕಣ್ಣಿನ ಕೆಳಗಿನವರೆಗೂ ಕಂದು ಬೂದು ಬಣ್ಣ ಇಳಿದಿರುತ್ತದೆ. ಗಂಟಲು, ಎದೆ ತಿಳಿ ಬೂದು. ಬೂದು ಮುಗಿದು ಹಸಿರು ಶುರುವಾಗುವ ಜಾಗ ದೂರದಿಂದಲೂ ಗೊತ್ತಾಗುತ್ತದೆ. ಬಾಲವೂ ಉದ್ದ. ಮೌಂಟೇನ್‌ನ ತಲೆ, ಬೆನ್ನು ಎರಡೂ ಹಸಿರೇ. ಗಾತ್ರ ನೋಡಿ ಹೇಳೋಕಾಗಲ್ಲ. ಎರಡೂ 20 ಸೆಂಟಿಮೀಟರ್ ಆಸುಪಾಸು. ನಿಮ್ಮ ಫೋಟೋದಲ್ಲಿ ತಲೆ ಕಾಣುತ್ತಾ?

ಕಾಜಾಣ:
ಒಂದರಲ್ಲಿ ಕಾಣುತ್ತೆ. ತಲೆ ಬೂದು, ಎದೆಯೂ ಮಾಸಲು ಬಿಳಿ! ಆದರೆ ಮೂರು ದಿನ ಬಿಟ್ಟು ಮೇಲೆ ಯಾವಿ ಅನ್ನೋ ಊರಿನ ಹತ್ತಿರ ಇನ್ನೊಂದು ಗುಂಪು ಸಿಕ್ಕಿತ್ತು. ಅವು ಪೂರ್ತಿ ಹಸಿರು. ಅವು ಇದರದೇ ಮರಿಗಳಿರಬಹುದು ಅಂದುಕೊಂಡಿದ್ದೆ.

ಬೆಟ್ಟದ ಹಾದಿ:
ಅಲ್ಲ, ಅವೇ ಮೌಂಟೇನ್. ಎರಡೂ ಸಿಕ್ಕಿವೆ ನಿಮಗೆ! ಎತ್ತರವೂ ಹೊಂದುತ್ತದೆ. ತಿಲ್ಕಾರಾ ಸುಮಾರು 2,450 ಮೀಟರ್‌ನಲ್ಲಿದೆ, ಯಾವಿ 3,400 ದಾಟುತ್ತದೆ. ಗ್ರೇ-ಹುಡೆಡ್‌ಗೆ ಒಣ ಕಣಿವೆ, ಕುರುಚಲು ಇಳಿಜಾರು ಇಷ್ಟ. ಮೌಂಟೇನ್ ಬಟ್ಟಬಯಲು ಪ್ರಸ್ಥಭೂಮಿಗೂ ಏರುತ್ತದೆ. ಆದರೂ ಎತ್ತರವನ್ನೇ ನಂಬಬೇಡಿ, ಮಧ್ಯದಲ್ಲಿ ಎರಡೂ ಸಿಗುತ್ತವೆ.

ನೀರಕಾಗೆ:
ಎರಡೂ ಒಂದೇ ಕುಲದವು, ಸಿಲಾಪ್ಸಿಯಗಾನ್. ಆ ಕುಲದಲ್ಲಿ ಬೇರೆ ಯಾವುದೂ ಇಲ್ಲ. ಗೂಡನ್ನು ಮಣ್ಣಿನ ದಿಣ್ಣೆಯಲ್ಲಿ ಬಿಲ ಮಾಡಿ ಕಟ್ಟುತ್ತವೆ. ಮತ್ತೆ ಹೋದರೆ ಹೊಳೆದಂಡೆಯ ಕಡಿದಾದ ಮಣ್ಣಿನ ಗೋಡೆಗಳ ಹತ್ತಿರ ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ.